ಹಳೆಯ ಪಿಸಿಯಲ್ಲಿ ಡಾಸ್ ತಂತ್ರಾಂಶ ಓಡಿಸುವುದು ಹೇಗೆ: ಮುಚ್ಚಳ ತೆರೆಯುವುದರಿಂದ ಸ್ವಿಚ್ ಆರಿಸುವವರೆಗೆ

ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರ್ ಕಣ್ಣಿಗೆ ಬಿದ್ದ ಕೂಡಲೇ ಕೈ ಸ್ವಿಚ್ಚಿನ ಕಡೆಗೆ ಹೋಗುತ್ತದೆ. ಆ ಕೈಯನ್ನು ತಡೆದು ಹಿಡಿಯುವುದೇ ಈ ಕೆಲಸದ ಮೊದಲ ಹಂತ.

ಇಲ್ಲಿ ಹೇಳುತ್ತಿರುವುದು 286, 386, 486 ಪ್ರೊಸೆಸರ್‌ಗಳ ಕಾಲದ ಪಿಸಿಗಳ ಬಗ್ಗೆ, ಅವುಗಳಲ್ಲಿ ಎಂಎಸ್-ಡಾಸ್ ಎಂಬ, ಆಜ್ಞೆಗಳನ್ನು ಒತ್ತಿ ನಡೆಸುವ ಕಾರ್ಯಾಚರಣ ವ್ಯವಸ್ಥೆಯ 5.0ರಿಂದ 6.22ರವರೆಗಿನ ಆವೃತ್ತಿಗಳ ಮೇಲೆ ಓಡುವ ತಂತ್ರಾಂಶಗಳ ಬಗ್ಗೆ. ಇಂದಿನ ಯಂತ್ರಗಳು ತಮ್ಮೊಳಗೆ ಏನಿದೆ ಎಂದು ತಾವೇ ಹೇಳಿಕೊಳ್ಳುತ್ತವೆ. ಅಂದಿನವು ಬಾಯಿ ಬಿಡುವುದಿಲ್ಲ. ಹಾರ್ಡ್ ಡಿಸ್ಕಿನ ಗಾತ್ರವೆಷ್ಟು, ಧ್ವನಿ ಕಾರ್ಡ್ ಯಾವ ವಿಳಾಸದಲ್ಲಿದೆ, ಮೆಮೊರಿಯನ್ನು ಹೇಗೆ ಹಂಚಬೇಕು ಎಂಬುದನ್ನೆಲ್ಲ ಎದುರು ಕುಳಿತವರೇ ಹೇಳಬೇಕು. ಹಳೆಯ ತಂತ್ರಾಂಶ ಓಡಲಿಲ್ಲವೆಂದರೆ ಬಹುತೇಕ ಸಲ ಏನೂ ಕೆಟ್ಟಿರುವುದಿಲ್ಲ, ಯಾರೋ ಹೇಳಬೇಕಾದ ಒಂದು ಮಾತನ್ನು ಹೇಳಿರುವುದಿಲ್ಲ ಅಷ್ಟೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಧ ಸಲೀಸು.

ಇನ್ನೊಂದು ಸೂಚನೆ: ಕೆಳಗೆ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನೂ ಕಡತದ ಹೆಸರುಗಳನ್ನೂ ನೀವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು. ಡಾಸ್‌ಗೆ ಬೇರೆ ಲಿಪಿ ತಿಳಿಯದು.

ಮೊದಲು ಮುಚ್ಚಳ ತೆರೆಯಿರಿ

ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ತಿರುಪುಗಳನ್ನು ಬಿಚ್ಚಿ, ಒಳಗೆ ಬೆಳಕು ಹಾಕಿ ನೋಡಿ. ಹುಡುಕಬೇಕಾದದ್ದು ಬ್ಯಾಟರಿಯನ್ನು. ಆ ಕಾಲದ ಅನೇಕ ಮದರ್‌ಬೋರ್ಡುಗಳ ಮೇಲೆ, ಸಾಮಾನ್ಯವಾಗಿ ಕೀಲಿಮಣೆ ಸಿಕ್ಕಿಸುವ ಜಾಗದ ಹತ್ತಿರ, 3.6 ವೋಲ್ಟಿನ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ನೀಲಿ ಅಥವಾ ಹಸಿರು ಹೊದಿಕೆಯ ಪುಟ್ಟ ಪೀಪಾಯಿಯಂತೆ ಕಾಣುತ್ತದೆ. ವರ್ಷಗಳು ಉರುಳಿದಂತೆ ಅದು ಒಸರುತ್ತದೆ. ಒಸರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹರಡುತ್ತದೆ. ನಾನು ಮೊದಲು ಕೈಗೆತ್ತಿಕೊಂಡ 386 ಯಂತ್ರವನ್ನು ಮುಚ್ಚಳ ತೆರೆಯದೆ ಹಾಗೆಯೇ ಚಾಲೂ ಮಾಡಿದ್ದೆ. ಎರಡು ದಿನ ಚೆನ್ನಾಗಿ ನಡೆಯಿತು, ಮೂರನೆಯ ದಿನ ಕೀಲಿಮಣೆ ಸತ್ತಿತು. ತೆರೆದು ನೋಡಿದರೆ ಕೀಲಿಮಣೆಯ ಗೆರೆಗಳ ಮೇಲೆಲ್ಲ ಹಸಿರು ಪಾಚಿ ಕಟ್ಟಿದಂತಿತ್ತು. ಒಂದು ತಿಂಗಳು ಕೂದಲೆಳೆಯಂಥ ತಂತಿಗಳನ್ನು ಬೆಸೆಯುತ್ತಾ ಕುಳಿತಿದ್ದು ಆ ಎರಡು ದಿನಗಳ ಸಂಭ್ರಮಕ್ಕೆ ತೆತ್ತ ದಂಡ.

ಒಸರಿರಲಿ ಬಿಡಲಿ, ಆ ಬ್ಯಾಟರಿಯನ್ನು ತೆಗೆದುಬಿಡಿ. ಕಲೆ ಇದ್ದ ಕಡೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ (ಕ್ಷಾರಕ್ಕೆ ಆಮ್ಲವೇ ಮದ್ದು), ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಪೂರ್ತಿ ಒಣಗಲು ಬಿಡಿ. ಬದಲಿಗೆ ಹೊರಗಿನ ಬ್ಯಾಟರಿ ಜೋಡಿಸಲು ಬಹಳಷ್ಟು ಬೋರ್ಡುಗಳಲ್ಲಿ ನಾಲ್ಕು ಪಿನ್ನುಗಳ ಪ್ರತ್ಯೇಕ ಜಾಗವಿರುತ್ತದೆ. ಹಳೆಯ ಬ್ಯಾಟರಿಯ ಜಾಗಕ್ಕೇ ಸಾಮಾನ್ಯ ಸೆಲ್‌ಗಳನ್ನು ಬೆಸೆಯುವುದಾದರೆ ನಡುವೆ ಒಂದು ಡಯೋಡ್ ಇರಲೇಬೇಕು. ಅದಿಲ್ಲದಿದ್ದರೆ ಚಾರ್ಜ್ ಮಾಡಬಾರದ ಸೆಲ್‌ಗಳಿಗೆ ಬೋರ್ಡು ಚಾರ್ಜ್ ತುಂಬಲು ಹೊರಡುತ್ತದೆ.

ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮಾತ್ರ ತಿಳಿದವರಲ್ಲದೆ ಬೇರೆಯವರು ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದರಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಕನೆಕ್ಟರ್‌ಗಳನ್ನು ಕಳಚಿದ್ದರೆ ಮತ್ತೆ ಹಾಕುವಾಗ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲು ಬದಲಾದರೆ ಬೋರ್ಡು ಹೋಯಿತೆಂದೇ ಲೆಕ್ಕ.

ಕನಿಷ್ಠ ಸಾಮಗ್ರಿಯೊಂದಿಗೆ ಚಾಲನೆ

ವಿಡಿಯೊ ಕಾರ್ಡ್, ಮೆಮೊರಿ, ಕೀಲಿಮಣೆ ಇವಿಷ್ಟನ್ನೇ ಉಳಿಸಿ ಮಿಕ್ಕ ಕಾರ್ಡುಗಳನ್ನು ತೆಗೆದಿಡಿ. ತೆಗೆಯುವ ಮೊದಲು ಯಾವ ಕೇಬಲ್ ಎಲ್ಲಿತ್ತು, ಅದರ ಕೆಂಪು ಅಂಚು ಯಾವ ಕಡೆಗಿತ್ತು ಎಂಬುದರ ಚಿತ್ರ ತೆಗೆದುಕೊಳ್ಳಿ. 15 ಪಿನ್ನಿನ ವಿಜಿಎ ಕಾರ್ಡ್ ಇದ್ದರೆ ವಿಜಿಎ ಕಿಂಡಿಯಿರುವ ಈಚಿನ ಮಾನಿಟರ್ ಸಾಕು. 9 ಪಿನ್ನಿನ ಸಿಜಿಎ, ಇಜಿಎ ಕಾರ್ಡುಗಳ ಸಂಕೇತವೇ ಬೇರೆ. ಅವಕ್ಕೆ ಅದೇ ಕಾಲದ ಮಾನಿಟರ್ ಅಥವಾ ಪರಿವರ್ತಕ ಬೇಕು. ಕೀಲಿಮಣೆಯ ವಿಷಯದಲ್ಲಿ ಒಂದು ಬಲೆ ಇದೆ. ಐಬಿಎಂನ ಮೊದಲ ಪಿಸಿ ಮತ್ತು ಎಕ್ಸ್‌ಟಿ ಯಂತ್ರಗಳ ಕೀಲಿಮಣೆಯ ಕನೆಕ್ಟರ್ ನಂತರ ಬಂದ ಎಟಿ ಯಂತ್ರಗಳ ಕನೆಕ್ಟರ್‌ನಂತೆಯೇ ಕಾಣುತ್ತದೆ, ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

ಈಗ ಸ್ವಿಚ್ ಹಾಕಿ. ಮೆಮೊರಿ ಎಣಿಸುವ ಅಂಕಿಗಳು ಪರದೆಯ ಮೇಲೆ ಓಡಿದರೆ ದೊಡ್ಡ ಗಂಡಾಂತರ ಕಳೆಯಿತು; ಆಫ್ ಮಾಡಿ, ತೆಗೆದಿಟ್ಟ ಕಾರ್ಡುಗಳನ್ನೂ ಕೇಬಲ್‌ಗಳನ್ನೂ ಮತ್ತೆ ಜೋಡಿಸಬಹುದು. ಬರಿಯ ಬೀಪ್ ಸದ್ದು ಕೇಳಿದರೆ ಆಫ್ ಮಾಡಿ, ಮೆಮೊರಿಯನ್ನೂ ಕಾರ್ಡನ್ನೂ ಕಿತ್ತು ಮತ್ತೆ ಅದುಮಿ ಕೂರಿಸಿ. ದಶಕಗಳ ಮಂಕು ಹಿಡಿದ ಸಂಪರ್ಕಗಳೇ ಅರ್ಧ ತೊಂದರೆಗೆ ಕಾರಣ.

ಯಂತ್ರಕ್ಕೆ ಅದರದೇ ಪರಿಚಯ ಮಾಡಿಕೊಡುವುದು

ಬ್ಯಾಟರಿ ಸತ್ತ ಯಂತ್ರಕ್ಕೆ ತನ್ನೊಳಗಿನ ಡಿಸ್ಕುಗಳ ನೆನಪೂ ಸತ್ತಿರುತ್ತದೆ. ದಿನಾಂಕ 1980ರ ಜನವರಿ 1ಕ್ಕೆ ಮರಳಿರುವುದೂ ಉಂಟು; ಡಾಸ್‌ನ ಕಾಲಗಣನೆ ಶುರುವಾಗುವುದೇ ಅಲ್ಲಿಂದ. ಚಾಲನೆಯ ಹೊತ್ತಿನಲ್ಲಿ ಪರದೆ ಸೂಚಿಸುವ ಕೀಲಿಯನ್ನು (ಬಹಳಷ್ಟರಲ್ಲಿ ಡಿಲೀಟ್) ಒತ್ತಿ ಸೆಟಪ್‌ಗೆ ಹೋಗಿ. ಐಬಿಎಂ 1984ರಲ್ಲಿ ತಂದ ಮೂಲ ಎಟಿಯಲ್ಲಿ ಈ ಸೌಲಭ್ಯ ಒಳಗೇ ಇಲ್ಲ, ಅದಕ್ಕೆ ಪ್ರತ್ಯೇಕ ಫ್ಲಾಪಿ ಬೇಕು.

ಫ್ಲಾಪಿ ಡ್ರೈವಿನ ಬಗೆಯನ್ನು ಸರಿಯಾಗಿ ಆರಿಸಿ: 360 ಕೆಬಿ, 1.2 ಎಂಬಿ, 720 ಕೆಬಿ, 1.44 ಎಂಬಿ ಇವುಗಳಲ್ಲಿ ಒಂದು. ಹಾರ್ಡ್ ಡಿಸ್ಕಿಗೆ ಸಂಖ್ಯೆ ಹಾಕಿದ ಬಗೆಗಳ ಪಟ್ಟಿ ಇರುತ್ತದೆ. ನಿಮ್ಮದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ 47ನೆಯ ಬಗೆಯನ್ನು ಆರಿಸಿ ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ತುಂಬಿ. ಇಲ್ಲಿ ಎಚ್ಚರ ತಪ್ಪಬೇಡಿ. ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡಿದಾಗ ಇದ್ದ ಸಂಖ್ಯೆಗಳು ಬೇರೆಯಾಗಿದ್ದರೆ ಕಡತಗಳು ಕಲಸಿಹೋದಂತೆ ಕಾಣುತ್ತವೆ. ಹಾಗೆ ಕಂಡರೆ ಡಿಸ್ಕಿನ ಮೇಲೆ ಏನನ್ನೂ ಬರೆಯದೆ, "ದುರಸ್ತಿ" ಮಾಡುವ ತಂತ್ರಾಂಶವನ್ನೂ ಓಡಿಸದೆ, ಸಂಖ್ಯೆಗಳನ್ನು ತಿದ್ದಿ ನೋಡಿ. ಓದುವುದರಿಂದ ಹಾಳಾಗುವುದು ಏನೂ ಇಲ್ಲ, ಬರೆದರೆ ಎಲ್ಲ ಹಾಳು.

ಹಾರ್ಡ್ ಡಿಸ್ಕ್ ತಿರುಗದೆ ಹೋದರೆ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡನ್ನು ಸರಳ ಅಡಾಪ್ಟರ್ ಮೂಲಕ ಹಾರ್ಡ್ ಡಿಸ್ಕಿನ ಐಡಿಇ ಕೇಬಲಿಗೆ ಜೋಡಿಸಬಹುದು. ಆದರೆ ಹಳೆಯ ಬಯೋಸ್‌ಗಳಿಗೆ (ಮದರ್‌ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಏಳಿಸುವ ಮೂಲ ತಂತ್ರಾಂಶಗಳಿಗೆ) 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ಗಿಂತ ಮುಂದಿನ ಎಣಿಕೆ ಬಾರದು. ಸೆಕ್ಟರಿಗೆ 512 ಬೈಟಿನಂತೆ ಗುಣಿಸಿದರೆ 504 ಎಂಬಿ. ದೊಡ್ಡ ಕಾರ್ಡ್ ಹಾಕಿದರೂ ಬಳಸಲು ಸಿಗುವುದು ಅಷ್ಟೇ. ಡಾಸ್ ತಂತ್ರಾಂಶಗಳಿಗೆ ಅದು ಧಾರಾಳ.

ಫ್ಲಾಪಿಗಳನ್ನು ಮುಟ್ಟುವ ಮುನ್ನ

ನಿಮ್ಮ ಬಳಿ ಇರುವ ತಂತ್ರಾಂಶದ ಮೂಲ ಫ್ಲಾಪಿ ಬಹುಶಃ ಇನ್ನೊಮ್ಮೆ ಮಾತ್ರ ಓದಿಸಿಕೊಂಡೀತು. ಆ ಒಂದು ಓದು ಪ್ರತಿ ತೆಗೆಯುವುದಕ್ಕೆ ಮೀಸಲಾಗಿರಲಿ.

ಕಿಟಕಿಯಂಥ ತೆರಪಿನಲ್ಲಿ ಡಿಸ್ಕಿನ ಮೇಲ್ಮೈಯನ್ನು ಬೆಳಕಿಗೆ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ನೋಡಿ. ಬಿಳಿ ಚುಕ್ಕೆಗಳು ಕಂಡರೆ ಅದು ಬೂಷ್ಟು. ಬೂಷ್ಟು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ತುರುಕಿದರೆ ಅದು ಹಾಳಾಗುವುದಲ್ಲದೆ ಡ್ರೈವಿನ ತಲೆಗೂ ಕೊಳೆ ಮೆತ್ತಿ, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಗಳನ್ನೂ ಗೀಚುತ್ತದೆ. ಒಂದೊಂದು ಫ್ಲಾಪಿ ಓದಿದ ಮೇಲೂ ಐಸೊಪ್ರೊಪೈಲ್ ತಾಗಿಸಿದ ಹತ್ತಿಯಿಂದ ಡ್ರೈವಿನ ತಲೆಯನ್ನು ಮೆಲ್ಲಗೆ ಒರೆಸಿದರೆ ಅತಿಯಾಯಿತು ಎಂದುಕೊಳ್ಳಬೇಡಿ.

ಬರಹ-ತಡೆ ಹಾಕುವುದನ್ನು ಮರೆಯಬೇಡಿ. ಎರಡು ಗಾತ್ರದ ಫ್ಲಾಪಿಗಳಲ್ಲಿ ಅದು ತದ್ವಿರುದ್ಧ: 5.25 ಇಂಚಿನದರ ಅಂಚಿನ ಕಚ್ಚನ್ನು ಮುಚ್ಚಿದರೆ ತಡೆ, 3.5 ಇಂಚಿನದರ ಕಿಂಡಿಯನ್ನು ತೆರೆದರೆ ತಡೆ. ಕಚ್ಚು ಮುಚ್ಚಲು ಪಾರದರ್ಶಕ ಟೇಪ್ ಬೇಡ, ಬೆಳಕಿನಿಂದ ಗುರುತಿಸುವ ಡ್ರೈವುಗಳಿಗೆ ಅದು ಕಾಣುವುದೇ ಇಲ್ಲ.

ಸಾಮಾನ್ಯ ಫ್ಲಾಪಿಯ ಪ್ರತಿಗೆ "ಡಿಸ್ಕ್‌ಕಾಪಿ ಎ: ಎ:" ಆಜ್ಞೆ ಸಾಕು, ಮೂಲವನ್ನೂ ಖಾಲಿಯನ್ನೂ ಯಾವಾಗ ಹಾಕಬೇಕೆಂದು ಅದೇ ಕೇಳುತ್ತದೆ. 360 ಕೆಬಿ ಫ್ಲಾಪಿಯ ಮೇಲೆ 1.2 ಎಂಬಿ ಡ್ರೈವಿನಲ್ಲಿ ಬರೆಯಬೇಡಿ. ಮೊದಲನೆಯದು ಒಂದು ಬದಿಗೆ 40 ಟ್ರ್ಯಾಕ್ ಬರೆಯುತ್ತದೆ, ಎರಡನೆಯದು 80. ಎರಡನೆಯದರ ತಲೆ ಕಿರಿದಾದ್ದರಿಂದ ಅಗಲವಾದ ಹಳೆಯ ಗೆರೆ ಪೂರ್ತಿ ಅಳಿಯದೆ ಅಂಚಿನಲ್ಲಿ ಉಳಿಯುತ್ತದೆ. ಆಮೇಲೆ ಆ ಫ್ಲಾಪಿಯನ್ನು 360 ಕೆಬಿ ಡ್ರೈವಿಗೆ ಕೊಟ್ಟರೆ ಅದು ಹಳತನ್ನೂ ಹೊಸತನ್ನೂ ಒಟ್ಟಿಗೆ ಓದಿ ತಬ್ಬಿಬ್ಬಾಗುತ್ತದೆ.

ಕೆಲವು ತಂತ್ರಾಂಶಗಳ ಫ್ಲಾಪಿಯಲ್ಲಿ ಬೇಕೆಂದೇ ಕೆಡಿಸಿದ ಸೆಕ್ಟರ್ ಇಟ್ಟು ಕಳ್ಳಪ್ರತಿಗೆ ತಡೆ ಒಡ್ಡಿರುತ್ತಾರೆ. ಡಿಸ್ಕ್‌ಕಾಪಿ ಅಲ್ಲಿ ಸೋಲುತ್ತದೆ. ಫ್ಲಾಪಿಯ ಕಾಂತೀಯ ಏರಿಳಿತವನ್ನೇ ದಾಖಲಿಸುವ ಗ್ರೀಸ್‌ವೀಸಲ್‌ನಂಥ ಉಪಕರಣ ಅಂಥವಕ್ಕೆ ಸೂಕ್ತ. ಆಧುನಿಕ ಯಂತ್ರದಿಂದ ಕಡತಗಳನ್ನು ತರಬೇಕಾದವರು ಫ್ಲಾಪಿ ಡ್ರೈವಿನ ಜಾಗದಲ್ಲಿ ಗೋಟೆಕ್ ಪೆಟ್ಟಿಗೆ ಕೂರಿಸಿ, ಯುಎಸ್‌ಬಿ ಕಡ್ಡಿಯಲ್ಲಿರುವ ಫ್ಲಾಪಿ ಪ್ರತಿರೂಪಗಳನ್ನು ಓದಿಸಬಹುದು. ಹಳೆಯ ಯಂತ್ರಕ್ಕೆ ಅದೂ ಒಂದು ಫ್ಲಾಪಿ ಡ್ರೈವ್.

ಮೊದಲ ಓಟ: ಬರಿಗೈಯಲ್ಲಿ

ಹಾರ್ಡ್ ಡಿಸ್ಕಿನಲ್ಲಿ ಯಾರೋ ಬರೆದಿಟ್ಟ ಹಳೆಯ ಸಿದ್ಧತೆಗಳನ್ನು ನಂಬಿ ಹೊರಡಬೇಡಿ. ಡಾಸ್ 6.0 ಅಥವಾ ನಂತರದ್ದಾದರೆ "ಸ್ಟಾರ್ಟಿಂಗ್ ಎಂಎಸ್-ಡಾಸ್" ಎಂದು ಕಂಡೊಡನೆ ಎಫ್5 ಒತ್ತಿ; ಚಾಲನೆಯ ಹೊತ್ತಿನಲ್ಲಿ ಡಾಸ್ ಓದುವ ಸಿದ್ಧತೆಯ ಕಡತಗಳಾದ ಕಾನ್ಫಿಗ್.ಸಿಸ್, ಆಟೊಎಕ್ಸೆಕ್.ಬ್ಯಾಟ್ ಎರಡನ್ನೂ ಬದಿಗಿಟ್ಟು ಯಂತ್ರ ಏಳುತ್ತದೆ. ಎಫ್8 ಒತ್ತಿದರೆ ಒಂದೊಂದು ಸಾಲಿಗೂ ನಿಮ್ಮ ಒಪ್ಪಿಗೆ ಕೇಳುತ್ತದೆ. ಹಳೆಯ ಆವೃತ್ತಿಯಾದರೆ "ಫಾರ್ಮ್ಯಾಟ್ ಎ: /ಎಸ್" ಎಂದು ಒಂದು ಚಾಲನಾ ಫ್ಲಾಪಿ ಮಾಡಿಕೊಳ್ಳಿ.

ತಂತ್ರಾಂಶವಿರುವ ಡೈರೆಕ್ಟರಿಗೆ ಸಿಡಿ ಆಜ್ಞೆಯಿಂದ ಹೋಗಿ, "ಡಿಐಆರ್ /ಪಿ" ಎಂದು ಪಟ್ಟಿ ನೋಡಿ. ಇಎಕ್ಸ್‌ಇ, ಕಾಮ್, ಬ್ಯಾಟ್ ಎಂದು ಕೊನೆಗೊಳ್ಳುವವು ಮಾತ್ರ ಓಡುವ ಕಡತಗಳು. ಇನ್‌ಸ್ಟಾಲ್ ಅಥವಾ ಸೆಟಪ್ ಇದ್ದರೆ ಮೊದಲು ಅದು. ರೀಡ್‌ಮಿ ಇದ್ದರೆ ಎಲ್ಲಕ್ಕಿಂತ ಮೊದಲು ಅದು. ಅಂದಿನ ರೀಡ್‌ಮಿಗಳನ್ನು ಬರೆದವರು ಇಂದಿನವರಂತಲ್ಲ, ಎಷ್ಟು ಕೆಬಿ ಮೆಮೊರಿ ಬೇಕು, ಯಾವ ಕಾರ್ಡು ಒಗ್ಗುತ್ತದೆ ಎಂದು ನೇರವಾಗಿ ಹೇಳುತ್ತಿದ್ದರು. ಬರಿಗೈಯಲ್ಲಿ ಓಡಿತೆಂದರೆ ತಂತ್ರಾಂಶ ಸರಿ ಇದೆ, ಮುಂದೆ ಬರುವ ತಕರಾರುಗಳೆಲ್ಲ ನಿಮ್ಮ ಸಿದ್ಧತೆಯವು ಎಂದು ಗೊತ್ತಾಯಿತು.

640 ಕೆಬಿಯ ಜಗಳ

ಯಂತ್ರದಲ್ಲಿ 8 ಎಂಬಿ ಮೆಮೊರಿ ಇದ್ದರೂ "ಮೆಮೊರಿ ಸಾಲದು" ಎಂಬ ದೂರು ಬರುತ್ತದೆ. ಹೊಸಬರನ್ನು ಇಷ್ಟು ಗೋಳಾಡಿಸುವ ಸಂಗತಿ ಇನ್ನೊಂದಿಲ್ಲ. ಮೂಲ ಪಿಸಿ 1981ರಲ್ಲಿ ಬಂದಾಗ ಅದರ 8088 ಪ್ರೊಸೆಸರ್ ಒಟ್ಟು 1 ಎಂಬಿಯನ್ನಷ್ಟೇ ಎಣಿಸಬಲ್ಲದಾಗಿತ್ತು. ಅದರಲ್ಲಿ ಕೆಳಗಿನ 640 ಕೆಬಿ ತಂತ್ರಾಂಶಗಳಿಗೆ, ಮೇಲಿನ 384 ಕೆಬಿ ವಿಡಿಯೊ ಮತ್ತು ಬಯೋಸ್‌ಗೆ ಎಂದು ಪಾಲಾಯಿತು. ಮುಂದೆ ಯಂತ್ರಗಳು ಬೆಳೆದರೂ ಡಾಸ್ ತಂತ್ರಾಂಶಗಳು ಆ 640ರ ಅಂಗಳದಲ್ಲೇ ಆಡಬೇಕಾಯಿತು. ಅದೇ ಅಂಗಳದಲ್ಲಿ ಡಾಸ್, ಮೌಸ್ ಚಾಲಕ (ಡ್ರೈವರ್), ಸಿಡಿ ಚಾಲಕ ಎಲ್ಲವೂ ಕಾಲು ಚಾಚಿ ಕುಳಿತಿರುತ್ತವೆ. ಅವುಗಳನ್ನು ಎಬ್ಬಿಸಿ ಮೇಲೆ ಕಳಿಸುವುದೇ ನಮ್ಮ ಕೆಲಸ.

386 ಅಥವಾ ಮೇಲಿನ ಯಂತ್ರದಲ್ಲಿ ಎಡಿಟ್ ಆಜ್ಞೆಯಿಂದ ಕಾನ್ಫಿಗ್.ಸಿಸ್ ತೆರೆದು ಹೀಗೆ ಶುರು ಮಾಡಿ:

ಡಿವೈಸ್=ಸಿ:\ಡಾಸ್\ಹೈಮೆಮ್.ಸಿಸ್
ಡಿವೈಸ್=ಸಿ:\ಡಾಸ್\ಇಎಂಎಂ386.ಇಎಕ್ಸ್‌ಇ ನೋಇಎಂಎಸ್
ಡಾಸ್=ಹೈ,ಯುಎಂಬಿ
ಫೈಲ್ಸ್=30
ಬಫರ್ಸ್=20

ಮೊದಲ ಸಾಲು 1 ಎಂಬಿಯ ಆಚೆಗಿನ ಮೆಮೊರಿಗೆ ಬಾಗಿಲು ತೆರೆಯುತ್ತದೆ. ಎರಡನೆಯದು 640ರಿಂದ 1024 ಕೆಬಿ ನಡುವಿನ ಖಾಲಿ ಕೋಣೆಗಳನ್ನು ಬಳಕೆಗೆ ತರುತ್ತದೆ. ಮೂರನೆಯದು ಡಾಸ್‌ನ ಬಹುಭಾಗವನ್ನು ಮೇಲಕ್ಕೆ ಸಾಗಿಸುತ್ತದೆ. ಮೊದಲ ಎರಡು ಸಾಲುಗಳ ಅನುಕ್ರಮ ಬದಲಾಗಬಾರದು. ಬಾಗಿಲು ತೆರೆಯದೆ ಕೋಣೆ ಸಿಗದು. 286 ಯಂತ್ರದಲ್ಲಿ ಎರಡನೆಯ ಸಾಲು ನಡೆಯುವುದಿಲ್ಲ, ಬಿಟ್ಟುಬಿಡಿ.

ಇನ್ನು ಆಟೊಎಕ್ಸೆಕ್.ಬ್ಯಾಟ್‌ನಲ್ಲಿ ಮೌಸ್ ಚಾಲಕದ ಹಿಂದೆ ಎಲ್‌ಎಚ್ ಸೇರಿಸಿ "ಎಲ್‌ಎಚ್ ಮೌಸ್" ಎಂದು ಬರೆದರೆ ಅದೂ ಮೇಲೆ ಹೋಗುತ್ತದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ "ಮೆಮ್ /ಸಿ /ಪಿ" (ಡಾಸ್ 5ರಲ್ಲಿ ಬರಿಯ "ಮೆಮ್ /ಸಿ") ಕೊಡಿ. ಯಾರು ಎಷ್ಟು ಜಾಗ ಹಿಡಿದಿದ್ದಾರೆ ಎಂಬ ಪಟ್ಟಿಯ ಕೊನೆಯಲ್ಲಿ, ಓಡಿಸಬಹುದಾದ ಅತಿ ದೊಡ್ಡ ತಂತ್ರಾಂಶದ ಗಾತ್ರ ಇರುತ್ತದೆ. ನೋಡಬೇಕಾದ ಅಂಕಿ ಅದೊಂದೇ. ಅದು 600 ಕೆಬಿ ದಾಟಿದರೆ ನೆಮ್ಮದಿ. ಡಾಸ್ 6ರ ಮೆಮ್‌ಮೇಕರ್ ಈ ಕೆಲಸವನ್ನು ತಾನೇ ಮಾಡುತ್ತೇನೆ ಎನ್ನುತ್ತದೆ. ನನಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಕೈಯಾರೆ ಬರೆದ ಹತ್ತು ಸಾಲು ನಾಳೆ ತೊಂದರೆಯಾದಾಗ ಓದಿ ಅರ್ಥವಾಗುತ್ತದೆ, ಅದು ಬರೆದದ್ದು ಆಗುವುದಿಲ್ಲ.

ಕೆಲವು ತಂತ್ರಾಂಶಗಳು ಎಕ್ಸ್‌ಪ್ಯಾಂಡೆಡ್ ಮೆಮೊರಿ, ಅಂದರೆ ಇಎಂಎಸ್, ಬೇಕೆಂದು ಹಠ ಹಿಡಿಯುತ್ತವೆ. ಆಗ ನೋಇಎಂಎಸ್ ಜಾಗದಲ್ಲಿ ರ್‍ಯಾಮ್ ಎಂದು ಬರೆಯಿರಿ. ಮೇಲಿನ ಕೋಣೆಗಳಲ್ಲಿ 64 ಕೆಬಿ ಅದಕ್ಕೆ ಹೋಗುತ್ತದೆ. ಇನ್ನು ಕೆಲವು ಇಎಂಎಂ386 ಇದ್ದರೇ ಓಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ತೃಪ್ತಿಪಡಿಸುವುದು ಸಾಧ್ಯವಿಲ್ಲ. ಡಾಸ್ 6ರಲ್ಲಿ ಕಾನ್ಫಿಗ್.ಸಿಸ್ ಒಳಗೇ ಚಾಲನೆಯ ಮೆನು ಬರೆಯುವ ಸೌಲಭ್ಯ ಬಂದದ್ದು ಇದಕ್ಕಾಗಿಯೇ.

ಧ್ವನಿ ಕಾರ್ಡಿನ ವಿಳಾಸ

ಸೌಂಡ್ ಬ್ಲಾಸ್ಟರ್ ಬಗೆಯ ಕಾರ್ಡಿಗೆ ಮೂರು ಸಂಖ್ಯೆಗಳು: ವಿಳಾಸ, ಐಆರ್‌ಕ್ಯು (ಕಾರ್ಡು ಪ್ರೊಸೆಸರನ್ನು ಕರೆಯುವ ಗೆರೆ), ಡಿಎಂಎ (ಮೆಮೊರಿಯಿಂದ ಸದ್ದನ್ನು ನೇರವಾಗಿ ಪಡೆಯುವ ದಾರಿ). ಹಳೆಯ ಕಾರ್ಡುಗಳಲ್ಲಿ ಇವನ್ನು ಜಂಪರ್ ಎಂಬ ಪುಟ್ಟ ಟೊಪ್ಪಿಗೆಗಳನ್ನು ಸರಿಸಿ ನಿಗದಿ ಮಾಡಬೇಕು. ಕಾರ್ಡಿನಲ್ಲಿ ಇರುವುದನ್ನೇ ಆಟೊಎಕ್ಸೆಕ್.ಬ್ಯಾಟ್‌ನಲ್ಲಿ ಹೀಗೆ ಸಾರಬೇಕು:

ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಟಿ4

ಎ ವಿಳಾಸ, ಐ ಐಆರ್‌ಕ್ಯು, ಡಿ ಡಿಎಂಎ, ಟಿ ಕಾರ್ಡಿನ ಬಗೆ. ಈ ಸಾಲು ಕಾರ್ಡನ್ನು ಬದಲಿಸುವುದಿಲ್ಲ, ತಂತ್ರಾಂಶಗಳಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಸುದ್ದಿ ಸುಳ್ಳಾದರೆ ಸಂಗೀತ ಬಂದು ಮಾತು ಬಾರದಿರುವುದು, ಒಂದೇ ತುಣುಕು ಸದ್ದು ಮತ್ತೆ ಮತ್ತೆ ಮೊಳಗುವುದು, ಯಂತ್ರವೇ ಕಲ್ಲಾಗಿ ನಿಲ್ಲುವುದು ನಡೆಯುತ್ತದೆ. ಸದ್ದಿನ ತುಣುಕು ಮರುಕಳಿಸಿದರೆ ಗುಮಾನಿ ಐಆರ್‌ಕ್ಯು ಮೇಲಿರಲಿ. 7ನೆಯದು ಪ್ರಿಂಟರಿನ ಕಿಂಡಿಯದು, 3 ಮತ್ತು 4 ಸೀರಿಯಲ್ ಕಿಂಡಿಗಳವು. ಅದಕ್ಕೇ 5 ಸಾಮಾನ್ಯ ಆಯ್ಕೆ.

ವೇಗ ಹೆಚ್ಚಾದರೂ ಕಷ್ಟ

ಎಂಬತ್ತರ ದಶಕದ ಆರಂಭದ ಅನೇಕ ಆಟಗಳು 4.77 ಮೆಗಾಹರ್ಟ್ಸ್ ಪ್ರೊಸೆಸರನ್ನೇ ಗಡಿಯಾರವಾಗಿ ನಂಬಿವೆ. 486ರಲ್ಲಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀವು ಸೋತಿರುತ್ತೀರಿ. ಪೆಟ್ಟಿಗೆಯ ಮುಖದ ಮೇಲಿನ ಟರ್ಬೊ ಗುಂಡಿ ಇರುವುದು ಇದಕ್ಕೆ. ಹೆಸರು ಏನೇ ಇರಲಿ, ಅದರ ನಿಜವಾದ ಉಪಯೋಗ ಯಂತ್ರವನ್ನು ನಿಧಾನ ಮಾಡುವುದು. ಸಾಲದಿದ್ದರೆ ಸೆಟಪ್‌ನಲ್ಲಿ ಪ್ರೊಸೆಸರಿನ ಕ್ಯಾಶ್ (ಅದರ ವೇಗ ಹೆಚ್ಚಿಸುವ ಪುಟ್ಟ ಮೆಮೊರಿ) ಆಫ್ ಮಾಡಿ.

ಸುಮಾರು 200 ಮೆಗಾಹರ್ಟ್ಸ್‌ಗೂ ವೇಗದ ಯಂತ್ರಗಳಲ್ಲಿ "ರನ್‌ಟೈಮ್ ಎರರ್ 200" ಎಂದು ತಂತ್ರಾಂಶ ಬಿದ್ದರೆ ಅದು ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದದ್ದು. ಚಾಲನೆಯಲ್ಲಿ ಅದು 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಹಾಕಬಲ್ಲೆನೆಂದು ಎಣಿಸಿ 55ರಿಂದ ಭಾಗಿಸುತ್ತದೆ; ಭಾಗಲಬ್ಧ 16 ಬಿಟ್‌ಗಳಲ್ಲಿ ಹಿಡಿಯದಷ್ಟು ದೊಡ್ಡದಾದಾಗ ಮುಗ್ಗರಿಸುತ್ತದೆ. ಯಂತ್ರವನ್ನು ನಿಧಾನ ಮಾಡಿ, ಅಥವಾ ಆ ಕಡತವನ್ನು ತಿದ್ದುವ ಪುಟ್ಟ ಪ್ಯಾಚ್ ಹಾಕಿ.

ದೂರುಗಳ ಭಾಷೆ

"ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್" ಎಂದರೆ ನೀವು ಬೇರೆ ಡೈರೆಕ್ಟರಿಯಲ್ಲಿದ್ದೀರಿ ಅಥವಾ ಕಾಗುಣಿತ ತಪ್ಪಿದೆ. "ನಾನ್-ಸಿಸ್ಟಮ್ ಡಿಸ್ಕ್" ಎಂದರೆ ಬಹುಶಃ ಡ್ರೈವಿನಲ್ಲಿ ಫ್ಲಾಪಿ ಮರೆತಿದ್ದೀರಿ. ತೆಗೆದು ಒಂದು ಕೀಲಿ ಒತ್ತಿ. "ಇನ್‌ಕರೆಕ್ಟ್ ಡಾಸ್ ವರ್ಷನ್" ಎಂದು ಹಟ ಮಾಡುವ ತಂತ್ರಾಂಶಕ್ಕೆ ಸೆಟ್‌ವರ್ ಮೂಲಕ ಹಳೆಯ ಆವೃತ್ತಿಯ ಸಂಖ್ಯೆಯನ್ನು ಹೇಳಿ ಒಪ್ಪಿಸಬಹುದು, ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ.

ಎಲ್ಲಕ್ಕಿಂತ ದಾರಿ ತಪ್ಪಿಸುವುದು "ಪ್ಯಾಕ್ಡ್ ಫೈಲ್ ಈಸ್ ಕರಪ್ಟ್". ಇದನ್ನು ಓದಿ ಫ್ಲಾಪಿ ಕೆಟ್ಟಿತೆಂದು ಎಸೆದವರೂ ಇದ್ದಾರು. ಕಡತ ಸರಿಯಾಗಿಯೇ ಇರುತ್ತದೆ. ನಾವು ಕಷ್ಟಪಟ್ಟು ಕೆಳಗಿನ ಮೆಮೊರಿಯನ್ನು ತೆರವು ಮಾಡಿದ್ದರಿಂದ ತಂತ್ರಾಂಶ ಮೊದಲ 64 ಕೆಬಿಯೊಳಗೇ ಹೋಗಿ ಕುಳಿತಿದೆ, ಅದನ್ನು ಅದುಮಿಟ್ಟಿದ್ದ ಹಳೆಯ ಉಪಕರಣಕ್ಕೆ ಅಲ್ಲಿ ಬಿಚ್ಚಿಕೊಳ್ಳಲು ಬಾರದು. ಆಜ್ಞೆಯ ಮೊದಲಿಗೆ "ಲೋಡ್‌ಫಿಕ್ಸ್" ಸೇರಿಸಿ ಓಡಿಸಿದರೆ ಡಾಸ್ ಆ 64 ಕೆಬಿಯನ್ನು ತುಂಬಿ ತಂತ್ರಾಂಶವನ್ನು ಮೇಲಕ್ಕೆ ತಳ್ಳುತ್ತದೆ. ಜಾಗ ಕೊಟ್ಟದ್ದೇ ತಪ್ಪಾಯಿತು ಎನ್ನುವ ತಂತ್ರಾಂಶ ಇದೊಂದೇ ಇರಬೇಕು.

ಆರಿಸುವಾಗ

ಎಲ್ಲ ಸರಿಹೋದ ದಿನ ಕಾನ್ಫಿಗ್.ಸಿಸ್, ಆಟೊಎಕ್ಸೆಕ್.ಬ್ಯಾಟ್, ಹಾರ್ಡ್ ಡಿಸ್ಕಿನ ಸಂಖ್ಯೆಗಳು, ಜಂಪರ್‌ಗಳ ಸ್ಥಾನ ಇವನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯ ಹೊರಬದಿಗೆ ಅಂಟಿಸಿ. ಡಿಸ್ಕಿನಲ್ಲಿ ಬರೆದಿಟ್ಟರೆ ಡಿಸ್ಕ್ ಏಳದ ದಿನ ಓದಲಾಗದು.

ಈ ಯಂತ್ರಗಳಿಗೆ ಶಟ್‌ಡೌನ್ ಎಂಬುದಿಲ್ಲ, ಸ್ವಿಚ್ ಒತ್ತಿದರೆ ಮುಗಿಯಿತು. ಆದರೆ ಡಿಸ್ಕಿನ ಕೆಲಸವನ್ನು ಚುರುಕುಗೊಳಿಸುವ ಸ್ಮಾರ್ಟ್‌ಡ್ರೈವ್ ಓಡುತ್ತಿದ್ದರೆ ಬರೆಯಬೇಕಾದದ್ದು ಇನ್ನೂ ಮೆಮೊರಿಯಲ್ಲೇ ಉಳಿದಿರಬಹುದು. ತಂತ್ರಾಂಶದಿಂದ ಹೊರಬಂದು, "ಸ್ಮಾರ್ಟ್‌ಡಿಆರ್‌ವಿ /ಸಿ" ಕೊಟ್ಟು, ಹಾರ್ಡ್ ಡಿಸ್ಕಿನ ದೀಪ ಆರುವವರೆಗೆ ಕಾಯಿರಿ. ತಲೆಯನ್ನು ತಾನೇ ಬದಿಗೆ ಸರಿಸಿಕೊಳ್ಳದ ತೀರಾ ಹಳೆಯ ಡಿಸ್ಕಾದರೆ, ಯಂತ್ರದೊಂದಿಗೆ ಬಂದಿರುವ ಪಾರ್ಕ್ ತಂತ್ರಾಂಶವನ್ನೂ ಓಡಿಸಿ. ಡ್ರೈವಿನಲ್ಲಿರುವ ಫ್ಲಾಪಿಯನ್ನು ಹೊರಗೆ ತೆಗೆಯಿರಿ. ಈಗ ಸ್ವಿಚ್ ಒತ್ತಬಹುದು.